ಪೆಡಾವಾದಲ್ಲಿ ಏಳು ರಾತ್ರಿ

ಆಗಸ್ಟ್ 12, ಮಂಗಳವಾರ

ಬಾಲಿಗೆ ಹೊರಟಿದ್ದೇನೆ ಎಂದಾಗ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದ್ದು ಸಮುದ್ರದ ಸುದ್ದಿಯನ್ನೇ. ನಾವು ಹೋದದ್ದು ಸಮುದ್ರಕ್ಕೆ ಬೆನ್ನು ಮಾಡಿ ಘಟ್ಟ ಹತ್ತಲಿಕ್ಕೆ. ಅಣ್ಣನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಬಾಲಿಯ ಉತ್ತರದ ಗುಡ್ಡಗಳಲ್ಲಿ ಜಾಗ ಗುತ್ತಿಗೆಗೆ ಹಿಡಿದು ನಾಲ್ಕು ಕೋಣೆಯ ವಿಲ್ಲಾ ಕಟ್ಟಬೇಕು, ವರ್ಷದಲ್ಲಿ ಮೂರು ತಿಂಗಳು ಅಲ್ಲೇ ಇರಬೇಕು ಎನ್ನುವುದು ಅವನ ಎರಡು ವರ್ಷದ ಆಸೆ. "ಅತ್ತೆ, ನೀವು ಮೂವತ್ತು ವರ್ಷ ಬ್ಯಾಂಕಲ್ಲಿ ಕೂತು ರೈತರ ಪಹಣಿ, ಸಾಲದ ಕಾಗದ ನೋಡಿದೋರು. ದುಡ್ಡು ಹಾಕೋ ಮುಂಚೆ ಒಂದ್ಸಲ ಬಂದು ಕಣ್ಣಾಡಿಸಿ" ಅಂದ. ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಹೀಗೆ ಕೆಲಸಕ್ಕೆ ಕರೆದಿರಲಿಲ್ಲ. ಒಪ್ಪಿದೆ.

ಬೆಂಗಳೂರಿನಿಂದ ಡೆನ್ಪಸಾರ್‌ಗೆ ಈಗ ನೇರ ವಿಮಾನವಿದೆ. ಇಳಿದ ಮೇಲೆ ಗಡಿಯಾರವನ್ನು ಎರಡೂವರೆ ತಾಸು ಮುಂದಿಟ್ಟುಕೊಳ್ಳಬೇಕು. ಮೂವತ್ತು ದಿನದ ವೀಸಾಕ್ಕೆ 5 ಲಕ್ಷ ರುಪಿಯಾ. ಅದರ ಜತೆಗೆ 2024ರ ಫೆಬ್ರವರಿಯಿಂದ ಹೊರದೇಶದವರೆಲ್ಲ ಬಾಲಿಗೆಂದೇ ಬೇರೆಯಾಗಿ ಕಟ್ಟಬೇಕಾದ 1.5 ಲಕ್ಷ ರುಪಿಯಾ. ಲಕ್ಷದ ಮಾತು ಕೇಳಿ ಗಾಬರಿ ಬೇಡ. ನಮ್ಮ ನೂರು ರೂಪಾಯಿ ಅಲ್ಲಿ ಹದಿನೆಂಟು ಸಾವಿರದ ಆಸುಪಾಸು ಆಗುತ್ತದೆ.

ದಕ್ಷಿಣದ ಊರುಗಳ ವಾಹನದ ಸಾಲು ದಾಟುವುದಕ್ಕೇ ಒಂದು ತಾಸು ಹಿಡಿಯಿತು. ಆಮೇಲೆ ಬೆಡುಗುಲ್ ಘಾಟಿ. ಬ್ರಾತಾನ್ ಕೆರೆಯ ದಂಡೆಯಲ್ಲಿ ಮಂಜು ಕವಿದು, ನೀರಿನೊಳಗೆ ನಿಂತ ದೇಗುಲದ ಹನ್ನೊಂದು ಸೂರಿನ ಮೇರು ಗೋಪುರ ಅರ್ಧ ಮಾತ್ರ ಕಾಣುತ್ತಿತ್ತು. ಅಲ್ಲಿಂದ ಮುಂದೆ ಬುಯಾನ್, ತಂಬ್ಲಿಂಗಾನ್ ಎಂಬ ಜೋಡಿ ಕೆರೆಗಳನ್ನು ಬಲಗಡೆಯೋ ಎಡಗಡೆಯೋ ಎಂದು ಗೊತ್ತಾಗದ ಕತ್ತಲಲ್ಲಿ ಬಿಟ್ಟು ಇಳಿಯತೊಡಗಿದಾಗ ಕಾರಿನ ಕಿಟಕಿಯಿಂದ ವಾಸನೆಯೊಂದು ಒಳಗೆ ಬಂತು. ಹಲ್ಲುನೋವಿನ ಔಷಧಿಯ ವಾಸನೆ ಎಂದ ಹುಡುಗ. ನನಗೆ ಅದು ಮಳೆಗಾಲ ಮುಗಿದ ಮೇಲೆ ನಮ್ಮ ಅಮ್ಮ ಬಿಸಿಲಿಗಿಡುತ್ತಿದ್ದ ಸಾಂಬಾರದ ಡಬ್ಬಿಯ ವಾಸನೆ. ರಸ್ತೆಯ ಎರಡೂ ಕಡೆ ಲವಂಗ ಒಣಗುತ್ತಿತ್ತು.

ಪೆಡಾವಾ ತಲುಪಿದಾಗ ರಾತ್ರಿ ಎಂಟು ದಾಟಿತ್ತು.

ಆಗಸ್ಟ್ 13, ಬುಧವಾರ

ಬುಲೆಲೆಂಗ್ ಜಿಲ್ಲೆಯ ಬಂಜಾರ್ ಎಂಬ ತಾಲ್ಲೂಕಿಗೆ ಸೇರಿದ ಹಳ್ಳಿ ಇದು. ಸುತ್ತಲಿನ ಸಿದತಾಪ, ಚೆಂಪಗ, ತಿಗವಾಸ ಊರುಗಳ ಹಾಗೆ ಇದೂ 'ಬಾಲಿ ಆಗ' ಹಳ್ಳಿ. ಜಾವಾದ ಮಜಪಹಿತ್ ಅರಸರ ಪ್ರಭಾವ ಬಾಲಿಗೆ ಬರುವುದಕ್ಕೆ ಮೊದಲಿನ ರೂಢಿಗಳನ್ನು ಉಳಿಸಿಕೊಂಡವರು ಎಂದು ಅದರ ಅರ್ಥ. ಇವರ ಮಾತೂ ದಕ್ಷಿಣ ಬಾಲಿಯ ಮಾತಿಗಿಂತ ಬೇರೆ. ಹಳೆಯ ಮನೆ ಕೆಲವೇ ಉಳಿದಿವೆ. ಬಿದಿರ ತಟ್ಟಿಯ ಒಂದೇ ಕೋಣೆ, ಅದರೊಳಗೇ ಒಲೆ, ಅದರೊಳಗೇ ಮಲಗುವ ಮಂಚ, ಅದರೊಳಗೇ ದೇವರು. ನಾವಿದ್ದದ್ದು ಅಂಥ ಹಳೆಯ ಮನೆಯ ಪಕ್ಕ ಕಟ್ಟಿದ ಸಿಮೆಂಟಿನ ಎರಡು ಕೋಣೆಯಲ್ಲಿ. ಅಡುಗೆ ಮಾತ್ರ ಹಳೆಯ ಮನೆಯ ಒಲೆಯಲ್ಲೇ.

ಮನೆಯ ಯಜಮಾನನನ್ನು ಎಲ್ಲರಂತೆ ನಾನೂ ಬಾಪಾಕ್ ಎಂದೆ, ಅವನ ಹೆಂಡತಿಯನ್ನು ಇಬು ಎಂದೆ. ಅಪ್ಪ, ಅಮ್ಮ ಎಂದೇ ಅರ್ಥ. ನನಗಿಂತ ಹತ್ತು ವರ್ಷ ಚಿಕ್ಕವರನ್ನು ಹಾಗೆ ಕರೆಯುವುದಕ್ಕೆ ಮೊದಲ ದಿನ ನಾಲಗೆ ತಡವರಿಸಿತು. ನಮ್ಮಲ್ಲೂ ಬಸ್ಸಿನಲ್ಲಿ ಸಣ್ಣ ಹುಡುಗಿಯನ್ನು "ಸ್ವಲ್ಪ ಸರಿಯಮ್ಮಾ" ಅನ್ನುವುದಿಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಅವರ ಮಗಳು ಸಿಂಗರಾಜದಲ್ಲಿ ಪ್ರವಾಸೋದ್ಯಮ ಓದುತ್ತಾಳೆ, ಇಂಗ್ಲಿಷ್ ಬರುತ್ತದೆ. ಏಳು ದಿನವೂ ನಮ್ಮ ನಡುವಿನ ಸೇತುವೆ ಅವಳೇ.

ಪೆಡಾವಾಕ್ಕೆ ಹೆಸರು ಬಂದಿರುವುದು ಬೆಲ್ಲದಿಂದ. ಕಬ್ಬಿನ ಬೆಲ್ಲವಲ್ಲ, 'ಜಾಕ' ಮರದ್ದು. ಇಂಡೊನೇಷ್ಯಾದ ಉಳಿದ ಕಡೆ ಇದನ್ನೇ ಅರೆನ್ ಎನ್ನುತ್ತಾರೆ. ಮರ ನೋಡಿದ ಕೂಡಲೇ ನನ್ನ ಬಾಯಲ್ಲಿ ಬಂದದ್ದು "ಅಯ್ಯೋ, ಇದು ನಮ್ಮ ಬೈನೆ ಮರದ ದಾಯಾದಿ!" ಅದೇ ಅಲ್ಲ, ಆದರೆ ನಡತೆ ಒಂದೇ. ಬೈನೆಯ ಹಾಗೆಯೇ ಇದೂ ಬದುಕಿನ ಕೊನೆಗೆ ಒಮ್ಮೆ ಹೂ ಬಿಡಲು ಶುರು ಮಾಡುತ್ತದೆ, ಮೇಲಿನ ಗೆಣ್ಣಿನಿಂದ ಕೆಳಗಿನ ಗೆಣ್ಣಿಗೆ ಒಂದೊಂದಾಗಿ ಹೊಂಬಾಳೆ ಇಳಿಸುತ್ತ ಬರುತ್ತದೆ, ಕೊನೆಯದು ಮುಗಿದ ಮೇಲೆ ಮರ ಸಾಯುತ್ತದೆ. ಅಷ್ಟು ಹೊತ್ತಿಗೆ ಅದಕ್ಕೆ ಎಂಟೋ ಹತ್ತೋ ವರ್ಷ ದಾಟಿರುತ್ತದೆ. ಬೀಜ ಬಿತ್ತುವವರು ಹೆಚ್ಚಾಗಿ ಮನುಷ್ಯರಲ್ಲ, ಕಾಡು ಬೆಕ್ಕು. ಹಣ್ಣು ತಿಂದು ಎಲ್ಲೋ ಹಿಕ್ಕೆ ಹಾಕುತ್ತದೆ, ಅಲ್ಲಿ ಗಿಡ ಏಳುತ್ತದೆ.

ಬೆಳಿಗ್ಗೆ ಆರಕ್ಕೇ ಬಾಪಾಕ್ ಜತೆ ಹೋದೆ. ಹೆಜ್ಜೆಯಿಡಲು ಕಚ್ಚು ಹಾಕಿದ ಒಂಟಿ ಬಿದಿರನ್ನು ಮರಕ್ಕೆ ಕಟ್ಟಿದ್ದ. ನಮ್ಮ ಕೊನೆಗಾರರನ್ನು ನೋಡಿ ಬೆಳೆದ ನನಗೆ ಅವನು ಏರಿದ ರೀತಿಯಲ್ಲಿ ಹೊಸತೇನೂ ಕಾಣಲಿಲ್ಲ, ಆದರೂ ಅವನ ಪಾದ ಇಳಿಯುವವರೆಗೆ ಉಸಿರು ಬಿಡಲಿಲ್ಲ. ಗಂಡು ಹೊಂಬಾಳೆಯ ತೊಟ್ಟನ್ನು ಮರದ ಕೊಡತಿಯಿಂದ ದಿನಗಟ್ಟಲೆ ಮೆತ್ತಗೆ ಬಡಿದು, ತೂಗಿ, ಆಮೇಲೆ ತುದಿ ಕೊಯ್ಯುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಳ್ಳಗೆ ಹೆರೆದು ರಸ ಹಿಡಿಯುತ್ತಾರೆ. ರಸ ಹುಳಿಯಾಗದಂತೆ ನಮ್ಮಲ್ಲಿ ಗಡಿಗೆಗೆ ಸುಣ್ಣ ಬಳಿಯುತ್ತೇವೆ. ಇಲ್ಲಿ ಹಲಸಿನ ಮರದ ಚಕ್ಕೆ ಹಾಕಿದ್ದರು.

ಆ ದಿನ ಬಂದದ್ದು ಹನ್ನೆರಡು ಲೀಟರಿನಷ್ಟು ರಸ. ಇಬು ಅದನ್ನು ದೊಡ್ಡ ಬಾಣಲೆಗೆ ಸುರಿದು ಒಣಗಿದ ಕಾಫಿ ಕೊಂಬೆಯ ಬೆಂಕಿ ಹಾಕಿದಳು. ನಾಲ್ಕು ತಾಸಿಗೂ ಹೆಚ್ಚು ಅವಳ ಪಕ್ಕ ಕೂತಿದ್ದೆ. ನೊರೆ ಉಕ್ಕಿ ಬಂದಾಗ ಒಂದು ಚಿಟಿಕೆ ಕಾಯಿತುರಿ ಹಾಕುತ್ತಾಳೆ, ನೊರೆ ಹೆದರಿದಂತೆ ಕೂರುತ್ತದೆ. ಪಾಕ ಹದಕ್ಕೆ ಬಂತೇ ಎಂದು ನೀರಿಗೆ ಹನಿ ಬಿಟ್ಟು ಉಂಡೆ ಕಟ್ಟಿ ನೋಡುತ್ತಾಳೆ. ಆಲೆಮನೆಯಲ್ಲಿ ನನ್ನ ಸೋದರಮಾವ ಮಾಡುತ್ತಿದ್ದದ್ದೂ ಇದೇ. ಅವಳು ಉಂಡೆಯನ್ನು ನನ್ನ ಬೆರಳಿಗೆ ಅಂಟಿಸಿ 'ಗುಲಾ' ಎಂದಳು. ಸಂಸ್ಕೃತದ 'ಗುಡ' ಕಡಲು ದಾಟಿ ಹೋಗಿ ಗುಲಾ ಆಗಿದೆ. ತೆಂಗಿನ ಚಿಪ್ಪಿಗೆ ಹೊಯ್ದು ಆರಿಸಿ, ಒಣಗಿದ ಬಾಳೆಲೆಯಲ್ಲಿ ಕಟ್ಟಿದರು. ಒಟ್ಟು ಒಂದೂವರೆ ಕಿಲೋಗೆ ಸ್ವಲ್ಪ ಮೇಲೆ.

ಎರಡು ಸಲ ಮರ ಹತ್ತಿದ್ದು, ನಾಲ್ಕು ತಾಸು ಹೊಗೆ ಕುಡಿದದ್ದು, ಹೊರೆ ಕಟ್ಟಿಗೆ, ಎಲ್ಲ ಸೇರಿ ಒಂದೂವರೆ ಕಿಲೋ. ಬ್ಯಾಂಕಿನಲ್ಲಿದ್ದಾಗ ಇಂಥ ಲೆಕ್ಕಕ್ಕೆ "ಮನೆಯವರ ದುಡಿಮೆ" ಎಂದು ಒಂದು ಸಾಲು ಬರೆದು ಸೊನ್ನೆ ಹಾಕುತ್ತಿದ್ದೆವು. ಆ ಸೊನ್ನೆ ಎಷ್ಟು ತಪ್ಪು ಎಂಬುದು ಇಬುವಿನ ಕೆಂಪಗಾದ ಕಣ್ಣು ನೋಡಿದಾಗ ಮತ್ತೆ ಚುಚ್ಚಿತು.

ಆಗಸ್ಟ್ 14, ಗುರುವಾರ

ಜಾಗ ನೋಡುವ ದಿನ. ಕರಾವಳಿಯ ಪೇಟೆಯಿಂದ ದಲ್ಲಾಳಿ ಬಂದ. ಇಲ್ಲಿ ಅವರಿಗೆ 'ಚಾಲೊ' ಎನ್ನುತ್ತಾರೆ. ಜಾಗ ಹಳ್ಳಿಯಿಂದ ಎರಡು ಕಿಲೋಮೀಟರ್, ಇಳಿಜಾರು, ಎದುರಿಗೆ ದೂರದಲ್ಲಿ ಸಮುದ್ರದ ನೀಲಿ ಗೆರೆ. ಹುಡುಗ ಅಲ್ಲೇ ಸೋತುಬಿಟ್ಟ. ನಿಜವಾಗಿಯೂ ಅಂಥ ನೋಟ.

"ಎಷ್ಟು ಜಾಗ?" ಎಂದರೆ "20 ಆರ್" ಎಂದ. ಬಾಲಿಯಲ್ಲಿ ನೆಲವನ್ನು ಅಳೆಯುವುದು ಆರ್ ಲೆಕ್ಕದಲ್ಲಿ. ಒಂದು ಆರ್ ಅಂದರೆ ನೂರು ಚದರ ಮೀಟರ್. ನಮ್ಮ ಒಂದು ಗುಂಟೆ ನೂರಾ ಒಂದು ಚದರ ಮೀಟರಿಗೆ ಸ್ವಲ್ಪ ಮೇಲೆ. ಹಾಗಾಗಿ ಆರ್ ಎಂದಾಗಲೆಲ್ಲ ಗುಂಟೆ ಎಂದುಕೊಂಡರೆ ಸಾಕು, ಅರ್ಧ ಎಕರೆ ಕಣ್ಣ ಮುಂದೆ ಬಂತು. ಅದರಲ್ಲಿ ನಾನು ಮರ ಎಣಿಸಿದೆ. ಲವಂಗ 31. ಜಾಕ 6, ಅವುಗಳಲ್ಲಿ ಎರಡಕ್ಕೆ ಬಿದಿರೇಣಿ ಕಟ್ಟಿತ್ತು. ಕೆಳಗೆ ರೊಬಸ್ಟಾ ಕಾಫಿ, ಅಂಚಿಗೆ ಬಾಳೆ, ಒಂದು ಮೂಲೆಯಲ್ಲಿ ಕಲ್ಲಿನ ಸಣ್ಣ ಗುಡಿ, ಅದರ ಮೇಲೆ ಆ ದಿನದ್ದೇ ಹೂವು.

"ಈ ಮರಗಳು?" ಎಂದೆ. "ತೆಗೆಯುವುದು ಸುಲಭ" ಎಂದ.

"ಗುಡಿ?" ಎಂದೆ. ಅದಕ್ಕವನು ಉತ್ತರ ಕೊಡಲಿಲ್ಲ.

ಕಾಗದ ಕೇಳಿದೆ. ತೋರಿಸಿದ್ದು ಹಳೆಯ ತೆರಿಗೆ ಚೀಟಿ. ಅದಕ್ಕೆ 'ಪಿಪಿಲ್' ಎನ್ನುತ್ತಾರೆ, ನೋಂದಾಯಿತ ಹಕ್ಕುಪತ್ರ ಅದಲ್ಲ. ಕಂದಾಯ ಕಟ್ಟಿದ ರಸೀದಿ ತಂದು ಜಮೀನು ನನ್ನದೇ ಎಂದವರನ್ನು ನಾನು ಸರ್ವಿಸಿನಲ್ಲಿ ಕಂಡದ್ದು ಒಬ್ಬಿಬ್ಬರಲ್ಲ. ಬಾಪಾಕ್ ಮೆಲ್ಲಗೆ ವಿಚಾರಿಸಿದಾಗ ಸಂಗತಿ ಹೊರಬಿತ್ತು. ಜಾಗ ಮೂವರು ಅಣ್ಣತಮ್ಮಂದಿರದು, ಪಾಲಾಗಿಲ್ಲ. ಒಬ್ಬ ಪ್ರವಾಸಿ ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಹೋಗಿದ್ದಾನೆ, ಅವನಿಗೆ ಈ ಮಾತುಕತೆಯ ಸುಳಿವೇ ಇಲ್ಲ. ಕೊಡಲು ಹೊರಟವನು ನಡುವಿನವನು, ಮಗನ ಓದಿಗೆ ಹಣ ಬೇಕಾಗಿದೆ. ಅವನೂ ಬಂದ. ತೋಟದಂಚಿಗೆ ನಿಂತು ನಮ್ಮ ಕಡೆ ನೋಡದೆ ಲವಂಗದ ಎಲೆ ಚಿವುಟುತ್ತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ತೀರ್ಥಹಳ್ಳಿ, ಕೊಪ್ಪದ ಕಡೆ ಮಗಳ ಮದುವೆಗೋ ಎಲೆಚುಕ್ಕಿ ರೋಗಕ್ಕೆ ತೋಟ ಬರಿದಾದದ್ದಕ್ಕೋ ಬೆಂಗಳೂರಿನವರಿಗೆ ಅರ್ಧ ಎಕರೆ ಕೊಟ್ಟವರು ಹೀಗೆಯೇ ನಿಂತಿದ್ದರು.

ಹಿಂದಿರುಗುವಾಗ ದಲ್ಲಾಳಿ ಹುಡುಗನ ಹತ್ತಿರ ತಗ್ಗಿದ ದನಿಯಲ್ಲಿ ಇನ್ನೊಂದು ದಾರಿ ಹೇಳಿದ: ಗುತ್ತಿಗೆ ಯಾಕೆ, ಇಲ್ಲಿನವರೊಬ್ಬರ ಹೆಸರಿಗೆ ಖರೀದಿ ಮಾಡಿಸೋಣ, ಒಳಗೆ ಬೇರೆ ಕರಾರು ಬರೆದುಕೊಳ್ಳೋಣ. ಹುಡುಗ ನನಗೆ ಅದನ್ನು ಕನ್ನಡದಲ್ಲಿ ಹೇಳಲು ಒದ್ದಾಡುತ್ತಿದ್ದ. "ಅದಕ್ಕೆ ನಮ್ಮಲ್ಲಿ ಒಂದೇ ಶಬ್ದ ಸಾಕು ಕಣೋ, ಬೇನಾಮಿ" ಎಂದೆ.

ಆಗಸ್ಟ್ 15, ಶುಕ್ರವಾರ

ನಮ್ಮ ಸ್ವಾತಂತ್ರ್ಯದ ದಿನ. ಬೆಳಿಗ್ಗೆ ಮನೆಗೆ ಫೋನು ಮಾಡಿ ಸಿಂಗರಾಜಕ್ಕೆ ಇಳಿದೆವು. ಡಚ್ಚರ ಕಾಲದಲ್ಲಿ ಬಾಲಿಯ ಆಡಳಿತ ನಡೆಯುತ್ತಿದ್ದ ಬಂದರು ಊರು, ಈಗ ಜಿಲ್ಲಾ ಕೇಂದ್ರ.

ಜಮೀನು ವ್ಯವಹಾರ ನೋಡುವ ನೋಟರಿಯೊಬ್ಬರನ್ನು ಕಂಡೆವು. ಮಧ್ಯವಯಸ್ಸಿನ ಹೆಂಗಸು. ಅವರು ಮಾತನಾಡಿದ ಒಂದು ತಾಸು ನನಗೆ ಪಾಠವಾಯಿತು. ಇಂಡೊನೇಷ್ಯಾದ ಭೂಕಾನೂನು 1960ರದು. ಅದರ ಪ್ರಕಾರ ಪೂರ್ಣ ಒಡೆತನಕ್ಕೆ 'ಹಾಕ್ ಮಿಲಿಕ್' ಎಂದು ಹೆಸರು. ನಮ್ಮ ಹಕ್ಕು, ನಮ್ಮ ಮಿಲ್ಕಿ! ಅದು ವಿದೇಶದವರಿಗೆ ಇಲ್ಲವೇ ಇಲ್ಲ. ನೇರವಾಗಲಿ, ಸುತ್ತುಬಳಸಿ ಆಗಲಿ ವಿದೇಶಿಗೆ ಅದನ್ನು ದಾಟಿಸುವ ಯಾವ ಕರಾರೂ ಊರ್ಜಿತವಾಗುವುದಿಲ್ಲ, ನೆಲ ಸರ್ಕಾರದ ಪಾಲಾಗಬಹುದು, ಕೊಟ್ಟ ಹಣ ವಾಪಸು ಕೇಳುವ ಹಾಗಿಲ್ಲ. ಬೇನಾಮಿಯ ಕತೆ ಅಲ್ಲಿಗೆ ಮುಗಿಯಿತು. ವಾಸದ ಪರವಾನಗಿ ಇದ್ದವರಿಗೆ 'ಹಾಕ್ ಪಕಾಯ್' ಎಂಬ ಬಳಕೆಯ ಹಕ್ಕು ಸಿಗುತ್ತದೆ. ಕಂಪನಿ ಮಾಡಿಕೊಂಡು ಬಂದರೆ ಕಟ್ಟಡದ ಹಕ್ಕು ಸಿಗುತ್ತದೆ, ಆದರೆ ವಿದೇಶಿ ಕಂಪನಿಯ ಹೂಡಿಕೆಯ ಯೋಜನೆ, ನೆಲ ಮತ್ತು ಕಟ್ಟಡದ ಬೆಲೆ ಬಿಟ್ಟು, 10 ಬಿಲಿಯನ್ ರುಪಿಯಾ ದಾಟಿರಬೇಕು. ಅಂದರೆ ನಮ್ಮ ಐದು ಕೋಟಿಗೂ ಹೆಚ್ಚು. ಉಳಿಯುವುದು 'ಸೇವಾ', ಅಂದರೆ ಬಾಡಿಗೆ, ಗುತ್ತಿಗೆ. ಇಪ್ಪತ್ತೈದು, ಮೂವತ್ತು ವರ್ಷಕ್ಕೆ ಮಾಡಿಕೊಳ್ಳುತ್ತಾರೆ. ಸೇವೆ ಎಂಬ ನಮ್ಮ ಮಾತು ಅಲ್ಲಿ ಬಾಡಿಗೆಯ ಕಾಗದದ ಮೇಲೆ ಕೂತಿರುವುದನ್ನು ಕಂಡು ನಾನು ಬಹಳ ಹೊತ್ತು ಅದನ್ನೇ ಯೋಚಿಸಿದೆ.

ನೋಟರಿ ಕಾಗದ ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಕೇಳಿದರು. ಮೂವರೂ ಅಣ್ಣತಮ್ಮಂದಿರು ಸಹಿ ಹಾಕುತ್ತಾರಾ? ಆ ಜಾಗ ಕಟ್ಟಡದ ವಲಯದಲ್ಲಿದೆಯಾ, ಕೃಷಿಯ ಹಸಿರು ವಲಯದಲ್ಲಿದೆಯಾ? ಅವಧಿ ಮುಗಿದಾಗ ಮುಂದುವರಿಸುವ ಬೆಲೆ ಈಗಲೇ ಬರೆಯುತ್ತಾರಾ? ಮೂರಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಯಾರೇ ಆಗಲಿ, ಇಂಡೊನೇಷ್ಯಾದ ಹಳ್ಳಿಯಲ್ಲಿ ನೆಲಕ್ಕೆ ಹಣ ಹಾಕುವ ಮೊದಲು ಈ ಮೂರನ್ನು ಕೇಳದೆ ಒಂದು ರುಪಿಯಾ ಮುಂಗಡವನ್ನೂ ಕೊಡಬೇಡಿ.

ಅದೇ 1960ರ ಕಾನೂನಿನಲ್ಲಿ ಕೃಷಿ ನೆಲದ ಹಕ್ಕುದಾರ ತಾನೇ ದುಡಿಯಬೇಕು ಎಂಬ ಮಾತೂ ಇದೆ. ಮರುವರ್ಷದ ನಿಯಮದಲ್ಲಿ ಒಡೆಯ ತನ್ನ ನೆಲವಿರುವ ತಾಲ್ಲೂಕಿನಲ್ಲೇ ಇರಬೇಕು ಎಂದೂ ಸೇರಿಸಿದರು. ಆಚರಣೆಯಲ್ಲಿ ಎಷ್ಟೋ ಸಡಿಲವಾಗಿದೆ ಎಂದು ನೋಟರಿಯೇ ಹೇಳಿದರು. ನನಗೆ ನಮ್ಮ 1974ರ ನೆನಪಾಯಿತು. ಉಳುವವನೇ ಹೊಲದೊಡೆಯ ಎಂದಾಗ ನಮ್ಮಜ್ಜ ಗೇಣಿಗೆ ಮಾಡುತ್ತಿದ್ದ ಒಂದೂವರೆ ಎಕರೆ ಗದ್ದೆ ನಮ್ಮದಾಯಿತು. ಡಿಕ್ಲರೇಷನ್ ಅರ್ಜಿ ಹಿಡಿದು ಆತ ಬರಿಗಾಲಲ್ಲಿ ತಾಲ್ಲೂಕು ಕಚೇರಿಗೆ ನಡೆದದ್ದನ್ನು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. 2020ರಲ್ಲಿ ನಮ್ಮ ರಾಜ್ಯದಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾದ ಮೇಲೆ ಆ ಗದ್ದೆಯ ಪಕ್ಕದ ಬೇಲಿಯಾಚೆ ಏನಾಗಿದೆ ಎಂದು ಹುಡುಗನಿಗೂ ಗೊತ್ತು. ಮಾತು ಅಲ್ಲಿಗೆ ಬಂದಾಗ ಅವನು ಸುಮ್ಮನಾದ.

ಊಟವಾದ ಮೇಲೆ ಗೆಡೊಂಗ್ ಕೀರ್ತ್ಯ ಎಂಬ ಓಲೆಗರಿ ಭಂಡಾರಕ್ಕೆ ಹೋದೆವು. 1928ರಲ್ಲಿ ಶುರುವಾದದ್ದು. ಉದ್ದನೆಯ ಪೆಟ್ಟಿಗೆಗಳಲ್ಲಿ ಸಾವಿರಾರು ಗರಿಗಳ ಕಟ್ಟು. ಕೊರೆದ ಅಕ್ಷರಕ್ಕೆ ಸುಟ್ಟ ಕೆಮಿರಿ ಬೀಜದ ಮಸಿ ತಿಕ್ಕಿ, ಒರೆಸಿದರೆ ಗೆರೆಯೊಳಗೆ ಮಾತ್ರ ಕಪ್ಪು ಉಳಿಯುತ್ತದೆ. ಅಲ್ಲಿದ್ದವರು 'ಹ ನ ಚ ರ ಕ' ಎಂದು ಅಕ್ಷರಮಾಲೆ ಓದಿ ತೋರಿಸಿದರು. ಬ್ರಾಹ್ಮಿಯ ಮೊಮ್ಮಕ್ಕಳಲ್ಲಿ ಕನ್ನಡವೂ ಒಂದು, ಅದೂ ಒಂದು. ಗರಿಗೆ ಅವರು 'ಲೊಂಟಾರ್' ಎನ್ನುತ್ತಾರೆ. ರೊನ್ ಅಂದರೆ ಎಲೆ, ತಾಲ್ ಅಂದರೆ ನಮ್ಮ ತಾಳೆಯೇ. ರೊನ್‌ತಾಲ್ ಹಿಂದುಮುಂದಾಗಿ ಲೊಂಟಾರ್. ಇನ್ನೂ ಒಂದು ದಿನ ಅಲ್ಲೇ ಕೂರಬೇಕೆನಿಸಿತು, ಬಾಗಿಲು ಹಾಕುವ ಹೊತ್ತಾಗಿತ್ತು.

ಆಗಸ್ಟ್ 16, ಶನಿವಾರ

ಲವಂಗ ಕೊಯ್ಲು. ಮೊಗ್ಗು ನಸುಗೆಂಪು ತಿರುಗಿ, ಅರಳುವುದಕ್ಕೆ ಮುಂಚೆ ಕೊಯ್ಯಬೇಕು. ಅರಳಿದರೆ ಬೆಲೆ ಇಲ್ಲ. ಹಾಗಾಗಿ ಊರಿಗೆ ಊರೇ ಏಣಿಯ ಮೇಲಿತ್ತು. ಎತ್ತರದ ಏಣಿಯನ್ನು ಸುತ್ತಲೂ ಮೂರ್ನಾಲ್ಕು ಹಗ್ಗದಿಂದ ಎಳೆದು ಕಟ್ಟಿರುತ್ತಾರೆ. ಹೆಂಗಸರು ಕೆಳಗೆ ಕೂತು ತೊಟ್ಟು ಬಿಡಿಸುತ್ತಾರೆ. ನಾನೂ ಕೂತೆ. ಸಂಜೆಯ ಹೊತ್ತಿಗೆ ಬೆರಳ ತುದಿ ಮರಗಟ್ಟಿತ್ತು. ಮೂರು ಕಿಲೋ ಹಸಿ ಒಣಗಿ ಒಂದು ಕಿಲೋ.

ಇದರ ಬಹುಪಾಲು ಸಾಂಬಾರಕ್ಕೆ ಹೋಗುವುದಿಲ್ಲ, ಸಿಗರೇಟಿಗೆ ಹೋಗುತ್ತದೆ. ತಂಬಾಕಿಗೆ ಲವಂಗದ ಚೂರು ಬೆರೆಸಿದ 'ಕ್ರೆಟೆಕ್' ಇಂಡೊನೇಷ್ಯಾದ ಗಂಡಸರ ಜೇಬಿನಲ್ಲೆಲ್ಲ ಇರುತ್ತದೆ. ಪ್ರಪಂಚದಲ್ಲಿ ಅತಿ ಹೆಚ್ಚು ಲವಂಗ ಬೆಳೆಯುವ ದೇಶ ತಾನು ಬೆಳೆದದ್ದನ್ನು ಹೀಗೆ ಹೊಗೆ ಮಾಡುತ್ತದೆ. ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದ ನನಗೆ, ಆರೋಗ್ಯದ ಮಾತು ಬಂದಾಗಲೆಲ್ಲ ಬೆಲೆಯ ಭಯ ಹುಟ್ಟುವ ಬೆಳೆಯೊಂದರ ಜತೆ ಬದುಕುವ ಪಾಡು ಗೊತ್ತು.

ಬಾಪಾಕ್ ತನ್ನ ಅಪ್ಪನ ಕಾಲದ ಮಾತು ಹೇಳಿದ. 1990ರ ದಶಕದಲ್ಲಿ ಇಡೀ ದೇಶದ ಲವಂಗ ಖರೀದಿಯನ್ನು ಸರ್ಕಾರ ಒಂದೇ ಮಂಡಳಿಗೆ ಒಪ್ಪಿಸಿತ್ತು, 1998ರಲ್ಲಿ ಅದು ರದ್ದಾಯಿತು. ನಡುವಿನ ವರ್ಷಗಳಲ್ಲಿ ರೈತನ ಕೈಗೆ ಬಂದ ಬೆಲೆ ಕೊಯ್ಯುವ ಕೂಲಿಗೂ ಸಾಲದೆ ಅಪ್ಪ ಮೊಗ್ಗನ್ನು ಮರದಲ್ಲೇ ಬಿಟ್ಟನಂತೆ. ಎಷ್ಟೋ ಜನ ಮರ ಕಡಿದರು. ಈಗಿನ ಕಷ್ಟ ಬೇರೆ. ಕೊಯ್ಲಿಗೆ ಮೊದಲೇ ಕೈಸಾಲ ಬೇಕಾದವರು ಹಸಿರು ಮೊಗ್ಗನ್ನೇ ಮಾರಿಬಿಡುತ್ತಾರೆ. ಇದಕ್ಕೆ 'ಇಜೊನ್' ಎನ್ನುತ್ತಾರೆ, ಇಜೊ ಅಂದರೆ ಹಸಿರು. ನಮ್ಮ ಕಡೆ ಅಡಿಕೆ ಕೊನೆ ಮರದಲ್ಲಿರುವಾಗಲೇ ಚೇಣಿ ಕೊಡುವುದಿಲ್ಲವೇ, ಅದರಲ್ಲೂ ಸಾಲ ತೀರಿಸಲಿಕ್ಕೆ ಕೊಟ್ಟ ಚೇಣಿ, ಅದೇ ಇದು. ನಾನು ಚೇಣಿ ಎಂದರೇನೆಂದು ಹೇಳಿದೆ, ಮಗಳು ಅನುವಾದಿಸಿದಳು. ಬಾಪಾಕ್ ತಲೆಯಾಡಿಸಿ ಏಣಿಯ ಮೇಲಿದ್ದವರಿಗೆಲ್ಲ ಕೂಗಿ ಹೇಳಿದ: ಅವರ ಊರಲ್ಲೂ ಇದೆಯಂತೆ!

ಆಗಸ್ಟ್ 17, ಭಾನುವಾರ

1945ರಲ್ಲಿ ಈ ದಿನ ಇಂಡೊನೇಷ್ಯಾ ಸ್ವತಂತ್ರವಾಯಿತು. ಎಂಬತ್ತು ವರ್ಷ. ಪ್ರತಿ ಮನೆಯ ಮುಂದೆ ಬಿದಿರಿಗೆ ಕಟ್ಟಿದ ಕೆಂಪು ಬಿಳಿ ಬಾವುಟ.

ಮಧ್ಯಾಹ್ನ ಬಯಲಿನಲ್ಲಿ 'ಪಾಂಜತ್ ಪಿನಾಂಗ್'. ಪಿನಾಂಗ್ ಅಂದರೆ ಅಡಿಕೆ! ಅಡಿಕೆ ಮರದ ಕಾಂಡವನ್ನು ನುಣ್ಣಗೆ ಹೆರೆದು, ಜಿಡ್ಡು ಬಳಿದು, ನೆಟ್ಟು, ತುದಿಗೆ ಚಕ್ರ ಕಟ್ಟಿ ಬಕೆಟ್ಟು, ಬಟ್ಟೆ, ಎಣ್ಣೆ ಪ್ಯಾಕೆಟ್ಟು ತೂಗಿಬಿಡುತ್ತಾರೆ. ಒಬ್ಬರ ಹೆಗಲ ಮೇಲೊಬ್ಬರು ನಿಂತು ಹುಡುಗರು ಏರಬೇಕು. ಡಚ್ಚರು ತಮ್ಮ ಹಬ್ಬಗಳಲ್ಲಿ ಇಲ್ಲಿನವರನ್ನು ಹೀಗೆ ಹತ್ತಿಸಿ ಮೋಜು ನೋಡುತ್ತಿದ್ದರು, ಇದನ್ನು ಬಿಡಬೇಕು ಎನ್ನುವವರೂ ದೇಶದಲ್ಲಿದ್ದಾರೆ. ಆ ದಿನ ಕೆಸರು ಮೆತ್ತಿಕೊಂಡು ಬಿದ್ದು ಎದ್ದ ಹುಡುಗರ ಮುಖದಲ್ಲಿ ನಾನು ಕಂಡದ್ದು ಸಂತೋಷವನ್ನೇ. ಅಣ್ಣನ ಮಗ ಎರಡನೇ ಸಾಲಿನಲ್ಲಿ ಹೆಗಲು ಕೊಟ್ಟ. ಅವನ ಹೆಗಲ ಮೇಲೆ ಹತ್ತಿದವನು ಮೇಲಿಂದ ಒಂದು ಛತ್ರಿ ಕಿತ್ತು ಅವನಿಗೇ ಎಸೆದ.

ಸಂಜೆ ದೇವಸ್ಥಾನದ ಅಂಗಳದಲ್ಲಿ ಬಾಪಾಕ್ ಮತ್ತು ಹತ್ತಿಪ್ಪತ್ತು ಜನ ಸೂರು ದುರಸ್ತಿ ಮಾಡುತ್ತಿದ್ದರು. ಜಾಕ ಮರದ ಗರಿಗಳ ಬುಡದಲ್ಲಿ, ಕಾಂಡದ ಸುತ್ತ ಸಿಗುವ 'ಇಜುಕ್' ಎಂಬ ಕಪ್ಪು ನಾರೇ ಬಾಲಿಯ ಗುಡಿಗಳ ಸೂರು, ದಶಕಗಳ ಮಳೆ ತಡೆಯುತ್ತದೆ. ಕೂಲಿಯಿಲ್ಲದ ಈ ಕೆಲಸಕ್ಕೆ 'ಙಯಾಹ್' ಎನ್ನುತ್ತಾರೆ. ನಾನು ನಾರು ಬಾಚುತ್ತಿದ್ದ ಹಿರಿಯರೊಬ್ಬರ ಪಕ್ಕ ಕೂತು ಕೇಳಿದೆ: ಹೊರಗಿನವರು ಇಲ್ಲಿ ಜಾಗ ಹಿಡಿದರೆ ನಿಮಗೇನು ತೊಂದರೆ?

ಅವರು ಕೈ ನಿಲ್ಲಿಸಲಿಲ್ಲ. "ನೆಲದ ಹಿಂದೆ ಕೆಲಸ ಬರುತ್ತದೆ" ಎಂದರು. ಹಳ್ಳಿಯ ಅನೇಕ ಜಾಗಗಳಿಗೆ ಹೊಂದಿಕೊಂಡು ಒಂದು ಹೊಣೆ ಇರುತ್ತದೆ: ಇಷ್ಟು ದಿನ ಗುಡಿಯ ಕೆಲಸ, ಸಾವಾದರೆ ಹೋಗಿ ನಿಲ್ಲುವುದು, ಬುಗ್ಗೆಯ ನೀರು ಬರುವ ತೋಡು ಎತ್ತುವುದು. ಬಾಡಿಗೆಗೆ ಬಂದವನು ಹಣ ಕೊಡುತ್ತಾನೆ, ಬರುವುದಿಲ್ಲ. ಜಾಗ ಕೊಟ್ಟವನು ಪೇಟೆಗೆ ಹೋಗುತ್ತಾನೆ, ಅವನೂ ಬರುವುದಿಲ್ಲ. "ಆಮೇಲೆ ಅವನ ಪಾಲಿನ ಸೂರನ್ನು ಯಾರು ಹೊದಿಸಬೇಕು?"

ಇಡೀ ಪ್ರವಾಸದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ಇದು. ಮೂವತ್ತು ವರ್ಷ ಜಮೀನನ್ನು ಬೆಲೆ, ಇಳುವರಿ, ಸಾಲದ ಮಿತಿ ಎಂದು ಮೂರು ಕಾಲಂನಲ್ಲಿ ಬರೆದವಳು ನಾನು. ಹೊಣೆ ಎಂಬ ಕಾಲಂ ನಮ್ಮ ಫಾರಂನಲ್ಲಿ ಇರಲೇ ಇಲ್ಲ.

ಆಗಸ್ಟ್ 18, ಸೋಮವಾರ

ಮಳೆ. ಜಗಲಿಯಲ್ಲಿ ಕೂತು ಕಪ್ಪು ಕಾಫಿ ಕುಡಿದೆವು. ಇಲ್ಲಿ ಸೋಸುವುದಿಲ್ಲ, ಪು​ಡಿ ತಳ ಕೂರುವವರೆಗೆ ಕಾಯಬೇಕು. ಇಂಡೊನೇಷ್ಯಾಕ್ಕೆ ಕಾಫಿ ಗಿಡ ಹೋದದ್ದು ನಮ್ಮ ಕಡಲ ಕರೆಯಿಂದಲೇ. ಡಚ್ಚರು 1696ರಲ್ಲಿ ಮಲಬಾರಿನಿಂದ ಜಾವಾಕ್ಕೆ ಒಯ್ದ ಸಸಿಗಳು ನೆರೆಗೆ ಹೋದವು, 1699ರಲ್ಲಿ ಮತ್ತೆ ಒಯ್ದರು. ಬಾಬಾಬುಡನ್‌ಗಿರಿಯ ಕತೆಯನ್ನೂ ಹೇಳಿದೆ. ಇಬು ಕೇಳಿದಳು, "ಹಾಗಾದರೆ ನೀವು ಯಾಕೆ ಇದಕ್ಕೆ ಹಾಲು ಹಾಕುತ್ತೀರಿ?"

ಹುಡುಗ ಬೆಳಿಗ್ಗೆಯೇ ದಲ್ಲಾಳಿಗೆ ಫೋನು ಮಾಡಿ ಬೇಡ ಎಂದಿದ್ದ. ನಾನು ಹೇಳಿಸಿದ್ದಲ್ಲ. ಆದರೆ ಅವನ ಆಸೆ ಹೋಗಿರಲಿಲ್ಲ. "ಅತ್ತೆ, ಈ ಊರಿಗೆ ನನ್ನ ದುಡ್ಡು ಬರಲೇಬಾರದಾ ಹಾಗಾದ್ರೆ?" ಅಂದ. ನ್ಯಾಯವಾದ ಪ್ರಶ್ನೆ. ಊರಿಗೆ ಹಣ ಬೇಡ ಎಂದು ಯಾರೂ ಹೇಳಿಲ್ಲ. ಬಾಲಿಯ ಹಳ್ಳಿಗಳಲ್ಲಿ 'ಎಲ್‌ಪಿಡಿ' ಎಂಬ ಊರಿನದೇ ಸಾಲದ ಸಂಸ್ಥೆಗಳಿವೆ. 1980ರ ದಶಕದಲ್ಲಿ, ಶಾಂತಿನಿಕೇತನದಲ್ಲಿ ಓದಿ ಬಂದ ಇಡ ಬಾಗುಸ್ ಮಂತ್ರ ಗವರ್ನರ್ ಆಗಿದ್ದಾಗ ಶುರುವಾದವು. ಊರವರ ಠೇವಣಿ, ಊರವರಿಗೆ ಸಾಲ, ಲಾಭದ ಒಂದು ಪಾಲು ಊರಿನ ಕೆಲಸಕ್ಕೆ. ಅದರೊಳಗೆ ಹೊರಗಿನವರಿಗೆ ಜಾಗವಿಲ್ಲ, ಇರಕೂಡದು ಎಂದೇ ನನ್ನ ಅಭಿಪ್ರಾಯ.

ಇಬುವಿಗೆ ಏನು ಬೇಕೆಂದು ಕೇಳಿದೆ. ಅವಳು ತಕ್ಷಣ ಹೇಳಿದಳು: ಹೊಗೆ ಹೊರಗೆ ಹೋಗುವ ಒಲೆ. ಬಾಪಾಕ್ ಯೋಚಿಸಿ ಹೇಳಿದ: ಇನ್ನೊಂದು ಕೋಣೆ, ಬಚ್ಚಲು ಸಮೇತ, ಮಗಳು ಓದು ಮುಗಿಸಿ ಬಂದರೆ ಅತಿಥಿಗಳನ್ನು ಅವಳೇ ನೋಡಿಕೊಳ್ಳಬಹುದು.

ಲೆಕ್ಕದ ಕಾಗದ ತೆಗೆದೆ. ಅಲ್ಲಿ ಒಂದು ರಾತ್ರಿಗೆ ಊಟವೂ ಸೇರಿ ನಾವು ಕೊಡುತ್ತಿದ್ದದ್ದು 4 ಲಕ್ಷ ರುಪಿಯಾ. ಪ್ರವಾಸಿ ವೀಸಾದಲ್ಲಿ ಬಂದವರು ವ್ಯಾಪಾರ ಮಾಡುವಂತಿಲ್ಲ, ದುಡಿಯುವಂತಿಲ್ಲ. ಉಳಿದುಕೊಂಡು ಬಾಡಿಗೆ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹಾಗಾದರೆ ಮುಂದಿನ ಎರಡು ವರ್ಷದಲ್ಲಿ ಹುಡುಗ ಉಳಿಯುವ ರಾತ್ರಿಗಳಿಗೆ ಈಗಲೇ ಪೂರ್ತಿ ಬೆಲೆಗೆ ಹಣ ಕೊಡಲಿ, ರಿಯಾಯಿತಿ ಬೇಡ. ಇಪ್ಪತ್ತೈದು ವರ್ಷದ ನೆಲದ ಬದಲು ಅರವತ್ತು ರಾತ್ರಿ. ಒಟ್ಟು 2.4 ಕೋಟಿ ರುಪಿಯಾ, ನಮ್ಮ 1.3 ಲಕ್ಷದ ಸುಮಾರು. ವಿಲ್ಲಾಕ್ಕೆಂದು ಅವನು ಎತ್ತಿಟ್ಟದ್ದರಲ್ಲಿ ಅದು ಒಂದು ಮೂಲೆಗೂ ಸಾಲದು.

ಬಾಪಾಕ್ ಉತ್ತರ ಕೊಡಲಿಲ್ಲ. ಮಳೆಯಲ್ಲೇ ಅಣ್ಣನ ಮನೆಗೆ ಹೋದ. ಅಂಗಳ ಇಬ್ಬರದೂ, ಕೋಣೆ ಕಟ್ಟಲು ಅವನನ್ನು ಕೇಳಬೇಕು. ಒಂದು ತಾಸು ಕಳೆದು ಒದ್ದೆಯಾಗಿ ಬಂದು ಕೂತ. "ಅರವತ್ತು ಬೇಡ. ಮೂವತ್ತು ಸಾಕು" ಎಂದ. ಯಾಕೆಂದು ಕೇಳಿದೆ. ಅರವತ್ತು ರಾತ್ರಿಯ ಹಣ ತಿಂದುಬಿಟ್ಟರೆ, ಆ ರಾತ್ರಿಗಳು ಮುಗಿಯುವವರೆಗೆ ತಾನು ನಮಗೆ ಸಾಲಗಾರ. ಮೂವತ್ತಾದರೆ ಒಲೆ ಆಗುತ್ತದೆ, ಕೋಣೆಯ ಗೋಡೆ ಏಳುತ್ತದೆ, ಸೂರಿಗೆ ಮುಂದಿನ ವರ್ಷದ ಲವಂಗ. ಮುಂಗಡ ತಿಂದ ಚೇಣಿಯ ಕಷ್ಟವನ್ನು ಶನಿವಾರ ನಾನೇ ಅವನಿಗೆ ಹೇಳಿದ್ದೆ. ಅವನು ಅದನ್ನು ನನ್ನ ಕಾಗದದೊಳಗೇ ಕಂಡಿದ್ದ.

ನನ್ನ ಸರ್ವಿಸಿನಲ್ಲಿ ಕೇಳಿದ್ದಕ್ಕಿಂತ ಕಡಿಮೆ ಸಾಲ ಸಾಕೆಂದವರು ಬೆರಳೆಣಿಕೆ. ಅವರ ಖಾತೆಗಳ ಬಗ್ಗೆ ನನಗೆ ಒಂದು ದಿನವೂ ನಿದ್ದೆ ಕೆಟ್ಟಿರಲಿಲ್ಲ.

ಆಗಸ್ಟ್ 19, ಮಂಗಳವಾರ

ಬೆಳಿಗ್ಗೆ ಮಗಳು ಶಾಲೆಯ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಗೆರೆ ಎಳೆದು ಮೂವತ್ತು ಚೌಕ ಮಾಡಿದಳು. ಬಂದು ಉಳಿದ ಹಾಗೆ ಒಂದೊಂದಕ್ಕೆ ಗೀಟು. ಮೇಲೆ ಬಾಪಾಕ್ ಸಹಿ ಹಾಕಿದ, ಹುಡುಗ ಹಾಕಿದ. ಸಾಕ್ಷಿ ಎಂಬಲ್ಲಿ ನಾನು ಕನ್ನಡದಲ್ಲಿ ಹಾಕಿದೆ. ಇಬು ಆ ಅಕ್ಷರದ ಮೇಲೆ ಬೆರಳಾಡಿಸಿ, ಲೊಂಟಾರ್ ಬರಹದ ಹಾಗಿದೆ ಎಂದಳು.

ಚೀಲಕ್ಕೆ ಬಾಳೆಲೆಯಲ್ಲಿ ಕಟ್ಟಿದ ಎರಡು ಚಿಪ್ಪು ಬೆಲ್ಲ ಬಿತ್ತು. ಹಣ ಕೊಡಹೋದರೆ ಬಾಪಾಕ್ ಕೈ ಅಡ್ಡ ಹಿಡಿದ. ಅವನಿಗೆ ನಮ್ಮನ್ನು ಕಳಿಸಿಕೊಡಲು ಹೊತ್ತಿರಲಿಲ್ಲ, ಬೆಳಗಿನ ರಸ ಇಳಿಸುವ ಸಮಯ. "ಸುಕ್ಸ್ಮ" ಎಂದು ಕೈ ಮುಗಿದು ಕೊಡತಿ ಸಿಕ್ಕಿಸಿಕೊಂಡು ಹೋದ. ಕಾರು ತಿರುವಿನಲ್ಲಿ ಇಳಿಯುವಾಗ ಲವಂಗದ ಮರಗಳ ನಡುವಿನಿಂದ ಟಕ್, ಟಕ್ ಎಂದು ಹೊಂಬಾಳೆ ಬಡಿಯುವ ಸದ್ದು ಕೇಳುತ್ತಿತ್ತು.

"ಅತ್ತೆ, ಫೆಬ್ರವರಿಯಲ್ಲಿ ರಜೆ ಸಿಕ್ಕರೆ ಏಳು ಚೌಕ ಆಗತ್ತೆ" ಅಂದ ಹುಡುಗ.

"ಫೆಬ್ರವರಿ ಮಳೆಗಾಲ ಇಲ್ಲಿ" ಎಂದೆ. "ಗೋಡೆ ಎದ್ದಿರಲ್ಲ. ಜೂನ್‌ಗೆ ಬಾ, ಕಾಫಿ ಕೊಯ್ಲು ನೋಡಬಹುದು."